ಬುಟ್ಟಿಯ ಹಗ್ಗ

ಬಹಿಯ್ಯ ಅಜ್ಜಿ ಕುವೈತಿನ ಹವಲ್ಲಿಯ ನಮ್ಮ ಕಟ್ಟಡಕ್ಕೆ ಬಂದ ಹೊಸತರಲ್ಲೇ ಒಂದು ಬೆಳಿಗ್ಗೆ ಮೂರನೇ ಮಹಡಿಯ ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿದರು. ಬುಟ್ಟಿಯಲ್ಲಿ ಒಂದು ದಿನಾರಿನ ನೋಟು, ಅದು ಹಾರಿಹೋಗದಂತೆ ಮೇಲೊಂದು ಚಪ್ಪಲಿ. ಕೆಳಗಿನ ದಿನಸಿ ಅಂಗಡಿಯ ಕುಂಞಾಲಿ ಕೇರಳದವನು. ಹೊರಗೆ ಬಂದು ಒಮ್ಮೆ ಬುಟ್ಟಿಯನ್ನೂ ಒಮ್ಮೆ ಆಕಾಶವನ್ನೂ ನೋಡಿದ.

"ಎರಡು ಕಿಲೋ ಟೊಮೇಟೊ ಹಾಕಪ್ಪ. ಮೆತ್ತಗಿರೋದು ಸೇರಿಸ್ಬೇಡ, ಮೇಲಿಂದ ನಂಗೆಲ್ಲ ಕಾಣತ್ತೆ," ಎಂದು ಅಜ್ಜಿ ಕೂಗಿದರು.

ಕುಂಞಾಲಿ ಟೊಮೇಟೊ ಹಾಕಿದ. ಚಿಲ್ಲರೆಯನ್ನೂ ಚಪ್ಪಲಿಯ ಕೆಳಗೇ ಇಟ್ಟ. ಬುಟ್ಟಿ ಮೇಲೇರುವಾಗ ಬೀದಿಗೆ ಬೀದಿಯೇ ನಿಂತು ನೋಡಿತು. ಈಜಿಪ್ಟಿನ ನೈಲ್ ದಂಡೆಯ ಅಜ್ಜಿಯ ಊರು ಸಮನ್ನೂದ್‌ನಲ್ಲಿ ಪ್ರತಿ ಮನೆಯ ಬುಟ್ಟಿಯೂ ದಿನಕ್ಕೆ ಹತ್ತು ಸಲ ಇಳಿದು ಹತ್ತುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಇಲ್ಲಿ ಸಂಜೆಯ ಹೊತ್ತಿಗೆ ಕಟ್ಟಡದ ಮಾಲೀಕನ ಕಡೆಯವನು ಅಜ್ಜಿಯ ಮಗ ಮಮ್ದೂಹ್‌ಗೆ ಫೋನ್ ಮಾಡಿದ.

ಮಮ್ದೂಹ್ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಕುವೈತಿಗೆ ಬಂದ ಮೇಲೆ ಅವನು ಕಲಿತ ದೊಡ್ಡ ವಿದ್ಯೆಯೆಂದರೆ ಹೆದರುವುದು. ಮಾಲೀಕನಿಗೆ, ಹೆಡ್‌ಮಾಸ್ತರಿಗೆ, ಟ್ರಾಫಿಕ್ ಪೊಲೀಸನಿಗೆ, ಕೊನೆಗೆ ಲಿಫ್ಟಿನಲ್ಲಿ ಬರೆದಿಟ್ಟ ಸೂಚನೆಗೂ ಹೆದರುತ್ತಿದ್ದ.

"ಅಮ್ಮ, ಇದು ಸಮನ್ನೂದ್ ಅಲ್ಲ. ಇಲ್ಲಿ ಬುಟ್ಟಿಗಿಟ್ಟಿ ಇಳಿಸೋ ಹಾಗಿಲ್ಲ."

"ಯಾಕೆ, ಇಲ್ಲಿಯವರು ತರಕಾರಿ ತಿನ್ನಲ್ವಾ?"

"ತಿಂತಾರೆ. ಫೋನ್ ಮಾಡಿ ತರಿಸ್ಕೋತಾರೆ."

"ಫೋನಲ್ಲಿ ಟೊಮೇಟೊ ಹಿಸುಕಿ ನೋಡಕ್ಕಾಗತ್ತಾ?"

ಸೊಸೆ ನಗ್ಲಾ ಪಾತ್ರೆ ತೊಳೆಯುವ ನೆಪದಲ್ಲಿ ಮುಖ ಆಚೆ ತಿರುಗಿಸಿ ನಕ್ಕಳು. ಮಮ್ದೂಹ್ ಹಗ್ಗ ಬಿಚ್ಚಿ ಸುತ್ತಿ, ಅಮ್ಮನ ಕೈಗೆ ಎಟುಕದ ಹಾಗೆ ಬೀರುವಿನ ನೆತ್ತಿಯ ಮೇಲೆ ಎಸೆದ.

ಅಜ್ಜಿಗೆ ಎದೆಯ ಕಾಯಿಲೆ. ಊರಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವಳು ಗಂಡ ಸತ್ತು ತವರಿಗೆ ಬಂದ ಮಗಳು ಇಕ್ರಾಂ. ಚಳಿಗಾಲದಲ್ಲಿ ಅಮ್ಮ ಎರಡು ಸಲ ತಲೆ ಸುತ್ತಿ ಬಿದ್ದಾಗ ಅವಳೇ ತಮ್ಮನಿಗೆ ಹೇಳಿದ್ದಳು: "ಒಂದಷ್ಟು ತಿಂಗಳು ನಿನ್ನ ಹತ್ರ ಇಟ್ಕೊಳ್ಳೋ. ಒಳ್ಳೆ ಡಾಕ್ಟ್ರಿಗೆ ತೋರ್ಸು. ನನ್ನ ಸೊಂಟಕ್ಕೂ ಸ್ವಲ್ಪ ರಜ ಸಿಗಲಿ." ರಂಜಾನ್ ಹಬ್ಬ ಮುಗಿದ ಕೂಡಲೇ ವಾಪಸ್ಸು ಕಳಿಸುವುದೆಂದು ಮಾತಾಗಿತ್ತು. ಟಿಕೆಟ್ಟೂ ಆಗಿತ್ತು. ಅದನ್ನು ಅಜ್ಜಿ ಕುರ್‌ಆನ್ ಇಡುವ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿದ್ದರು.

ಅಲ್ಲಿಯವರೆಗೆ ದಿನ ದೂಡಬೇಕಿತ್ತು. ಹಾಸಿಗೆ ಹಾಕಿದ್ದು ಮೊಮ್ಮಗಳು ಯುಮ್ನಾಳ ಕೋಣೆಯಲ್ಲಿ. ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿ ಪೆಟ್ಟಿಗೆಗಳು. ಅಜ್ಜಿಗೆ ರೊಟ್ಟಿ ಸರಿಯಿಲ್ಲ, ನೀರು ಸಪ್ಪೆ, ಮಸೀದಿಯ ಬಾಂಗಿನ ರಾಗ ಬೇರೆ.

"ಮೆಟ್ಟಿಲು ಇಳಿದು ಹೋದೆ, ಅಂಗಡಿವರೆಗೆ ಹೋದೆ, ವಾಪಸ್ ಬಂದೆ," ಎಂದು ಒಂದು ಮಧ್ಯಾಹ್ನ ನಗ್ಲಾಳ ಮುಂದೆ ಕೂತು ಹೇಳಿದರು. "ಒಬ್ರಾದ್ರೂ ಎಲ್ಲಿಗೆ ಹೊರಟ್ರಿ ಅಂತ ಕೇಳ್ಲಿಲ್ಲ ಕಣೇ."

"ಇಲ್ಲಿ ಹಾಗೇ ಅತ್ತೆ. ಕೇಳಿದ್ರೆ ತಪ್ಪು ತಿಳ್ಕೋತಾರೆ."

"ಕೇಳದೇ ಇದ್ರೆ ಮನುಷ್ಯ ಇದ್ದಾನೋ ಸತ್ತಿದ್ದಾನೋ ಹೆಂಗೆ ಗೊತ್ತಾಗತ್ತೆ?"

ನಗ್ಲಾಗೂ ಮದುವೆಯಾಗಿ ಬಂದ ಹೊಸತರಲ್ಲಿ ಹಾಗೇ ಅನ್ನಿಸಿತ್ತು. ಆಮೇಲೆ ಅಭ್ಯಾಸವಾಗಿತ್ತು ಅಷ್ಟೆ. ಶುಕ್ರವಾರ ಮಾತ್ರ ಅಜ್ಜಿಯ ಮುಖ ಅರಳುತ್ತಿತ್ತು. ಅಂದು ಇಕ್ರಾಂ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದಳು. ಎಮ್ಮೆ ಕರು ಹಾಕಿದ್ದು, ಬೇಕರಿಯವನು ಎರಡನೇ ಮದುವೆ ಮಾಡಿಕೊಂಡಿದ್ದು, ಬಾದಾಮಿ ಮರದ ಕೊಂಬೆ ಪಕ್ಕದವರು ಕಡಿದದ್ದು, ಎಲ್ಲ ಬರುತ್ತಿತ್ತು. ಕೊನೆಗೆ ಪ್ರತಿ ಸಲವೂ ಅಜ್ಜಿ ಹೇಳುತ್ತಿದ್ದರು: "ನನ್ನ ಮಂಚದ ಮೇಲೆ ಬಟ್ಟೆ ಪೇರಿಸ್ಬೇಡ, ಬರ್ತಿದೀನಿ."

ರಂಜಾನ್ ಶುರುವಾಗಿ ಮೊದಲ ವಾರವೂ ಮುಗಿದಿರಲಿಲ್ಲ. ಮಮ್ದೂಹ್ ಶಾಲೆಯಿಂದ ಹೊರಟು ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಚಿಕ್ಕಪ್ಪನ ಮಗ ಊರಿನಿಂದ ಫೋನ್ ಮಾಡಿದ. ಇಕ್ರಾಂ ಬೆಳಿಗ್ಗೆ ಹಿಟ್ಟು ಕಲೆಸುತ್ತಾ ಕೂತವಳು ಹಾಗೇ ಪಕ್ಕಕ್ಕೆ ಒರಗಿದಳಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನದ ನಮಾಜಿಗೆ ಮಣ್ಣು ಮಾಡಿಯೂ ಆಗಿತ್ತು. ಮಮ್ದೂಹ್ ಬಿಸಿಲಿಗೆ ಕಾದ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತು ಅತ್ತ. ಆಮೇಲೆ ಮುಖ ತೊಳೆದುಕೊಂಡು, ಮನೆಗೆ ಬೇಕಾಗಿದ್ದ ಮೊಸರು ತೆಗೆದುಕೊಂಡು ಬಂದ.

ಅಡುಗೆಮನೆಯ ಬಾಗಿಲು ಹಾಕಿ ನಗ್ಲಾಗೆ ಹೇಳಿದ. ಅವಳು ಬಾಯಿಗೆ ತಲೆವಸ್ತ್ರದ ಅಂಚು ತುರುಕಿಕೊಂಡಳು.

"ಅಮ್ಮಂಗೆ ಈಗ ಹೇಳೋದು ಬೇಡ," ಅಂದ. "ಅವಳ ಎದೆ ಬಗ್ಗೆ ಡಾಕ್ಟ್ರು ಏನಂದಿದಾರೆ ಗೊತ್ತಲ್ಲ. ಹಬ್ಬ ಕಳೀಲಿ."

"ತಾಯಿ ಕಣೋ. ತಾಯಿಗೆ ಹೇಳ್ದೇ ಇರ್ತಾರಾ?"

"ಹೇಳಿದ್ರೆ ಇವತ್ತೇ ಹೊರಡ್ತಾಳೆ. ಹೋಗಿ ಯಾರ ಜೊತೆ ಇರ್ತಾಳೆ? ದೇಶ ಬಿಟ್ಟು ಹೋಗಿ ಇಲ್ಲಿ ವಾಸದ ಪರವಾನಗಿ ಒಂದ್ಸಲ ರದ್ದಾದ್ರೆ ಮತ್ತೆ ಮಾಡ್ಸಕ್ಕೆ ನನ್ ಕೈಲಾಗಲ್ಲ. ಸ್ವಲ್ಪ ಯೋಚ್ನೆ ಮಾಡು."

"ಶುಕ್ರವಾರ ಫೋನ್ ಎಲ್ಲಿ ಅಂತಾರೆ. ಆಗ?"

ಅವನು ಅದನ್ನು ಕಾರಿನಲ್ಲೇ ಯೋಚಿಸಿಟ್ಟಿದ್ದ. ಶುಕ್ರವಾರ ಅಜ್ಜಿ ಫೋನಿಗಾಗಿ ಕನ್ನಡಕ ಹಾಕಿಕೊಂಡು ಕೂತಾಗ, "ಅಮ್ಮ, ಅಕ್ಕ ಉಮ್ರಾ ಯಾತ್ರೆಗೆ ಹೋಗಿದಾಳೆ. ಬೀದಿಯ ಹೆಂಗಸರೆಲ್ಲ ಹೊರಟ್ರಂತೆ, ಇವ್ಳೂ ಬಸ್ ಹತ್ತಿದ್ಲು. ಮೆಕ್ಕಾದಲ್ಲಿ ಅವಳ ಫೋನ್ ಹಿಡಿಯಲ್ಲ, ಹಬ್ಬದವರೆಗೆ ಅಲ್ಲೇ," ಎಂದ.

ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಂಗೆ ಒಂದು ಮಾತು ಹೇಳ್ಲಿಲ್ವಲ್ಲೋ ಕಳ್ಳಿ. ಗಂಡ ಇದ್ದಾಗಿಂದ ಆಸೆಪಟ್ಟಿದ್ಲು. ದೇವರು ಕರೆಸ್ಕೊಂಡ."

ಮಮ್ದೂಹ್ ಎದ್ದು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದ. ಸುಳ್ಳು ಹೇಳಿದ್ದಾಯಿತು; ಆದರೆ ಆ ಸುಳ್ಳು ಅಮ್ಮನಿಗೆ ಇಷ್ಟು ಸಂತೋಷ ಕೊಡುತ್ತದೆಂದು ಅವನು ಲೆಕ್ಕ ಹಾಕಿರಲಿಲ್ಲ.

ಕಟ್ಟಡದಲ್ಲಿ ನಮ್ಮ ಈಜಿಪ್ಟಿನ ಮನೆಗಳು ಸಾಕಷ್ಟಿವೆ. ಎದುರು ಮನೆಯ ಫಿಕ್ರಿಯ್ಯಳ ತವರು ಸಮನ್ನೂದ್‌ನ ಪಕ್ಕದ ಹಳ್ಳಿಯೇ. ಸುದ್ದಿ ಅವಳಿಗೆ ಮಮ್ದೂಹ್‌ಗಿಂತ ಮೊದಲು ಮುಟ್ಟಿತ್ತು. ಅವನು ಒಂದೊಂದೇ ಮನೆಯ ಬಾಗಿಲು ತಟ್ಟಿ ಬೇಡಿಕೊಂಡ: ಅಮ್ಮನ ಮುಂದೆ ಬಾಯಿ ಬಿಡಬೇಡಿ. ಎಲ್ಲರೂ ಆಣೆ ಮಾಡಿದರು, ಮಾತು ಉಳಿಸಿಕೊಂಡರು ಕೂಡ. ಮೆಟ್ಟಿಲಲ್ಲಿ ಸಿಕ್ಕಿದವರಿಗೆಲ್ಲ ಅಜ್ಜಿ "ನನ್ನ ಮಗಳು ಮೆಕ್ಕಾದಲ್ಲಿದಾಳೆ, ನಿಮಗೂ ದುವಾ ಮಾಡ್ತಾಳೆ" ಅನ್ನುವಾಗ ಆ ಹೆಂಗಸರು ನೆಲ ನೋಡುತ್ತಾ "ಆಮೀನ್" ಅನ್ನುತ್ತಿದ್ದರು.

ಯುಮ್ನಾಗೆ ಯಾರೂ ಹೇಳಿರಲಿಲ್ಲ. ಆದರೆ ಗೋಡೆ ತೆಳು, ಹದಿನಾರರ ಕಿವಿ ಚುರುಕು. ಅವಳು ಹುಟ್ಟಿದ್ದು ಇಲ್ಲೇ. ಈಜಿಪ್ಟ್ ಎಂದರೆ ಅವಳಿಗೆ ಬೇಸಗೆ ರಜೆ, ಸೊಳ್ಳೆ, ಮತ್ತು ಅವಳ ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುವ ಇಕ್ರಾಂ ಅತ್ತೆ. ಅಜ್ಜಿ ಪಕ್ಕದ ಮಂಚದಲ್ಲಿ ಕೂತು, "ಇಷ್ಟೊತ್ತಿಗೆ ಕಾಬಾ ಸುತ್ತುತ್ತಿರ್ತಾಳೆ," ಎಂದಾಗ ಯುಮ್ನಾ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಹಬ್ಬ ಹತ್ತಿರವಾದ ಹಾಗೆ ಅಜ್ಜಿ ಊರಿನಿಂದ ತಂದ ತುಪ್ಪದ ಡಬ್ಬಿ ಹೊರಗಿಟ್ಟರು. ಇಕ್ರಾಂ ತನ್ನ ಕೈಯಾರೆ ಕಾಯಿಸಿ ಕೊಟ್ಟಿದ್ದ ಎಮ್ಮೆ ತುಪ್ಪ. ಜೊತೆಗೆ ಹಿತ್ತಾಳೆಯ ಪುಟ್ಟ ಚಿಮಟ, ಹಬ್ಬದ ಹೂರಣದ ಬಿಸ್ಕತ್ತು ಕಹಕ್‌ನ ಮೇಲೆ ಚಿತ್ತಾರ ಹಿಸುಕುವುದಕ್ಕೆ.

"ನಾಡಿದ್ದು ಕಹಕ್ ಮಾಡೋಣ. ಮಗಳು ಮೆಕ್ಕಾಗೆ ಹೋದ ವರ್ಷ, ದುಪ್ಪಟ್ಟು ಮಾಡ್ಬೇಕು. ಹಿಟ್ಟು ಎಷ್ಟಿದೆ?"

ನಗ್ಲಾಳ ಕೈಯಲ್ಲಿದ್ದ ಬೇಳೆಯ ಸೌಟು ನಿಂತುಬಿಟ್ಟಿತು. "ಅಂಗಡೀಲಿ ಚೆನ್ನಾಗಿರೋದೇ ಸಿಗತ್ತೆ ಅತ್ತೆ. ತುಪ್ಪ, ಎಳ್ಳು, ಖರ್ಜೂರ, ಎಲ್ಲ ಈಗ ದುಬಾರಿ."

"ಅಂಗಡಿ ಕಹಕ್ಕಾ? ನಮ್ಮನೇಲೇನು ಸೂತಕಾನಾ ಕಹಕ್ ಮಾಡದೇ ಇರಕ್ಕೆ?"

ಆ ಸಂಜೆ ಗಂಡ ಹೆಂಡಿರ ನಡುವೆ ಅಡುಗೆಮನೆಯಲ್ಲಿ ಜಗಳವಾಯಿತು, ಅದೂ ಪಿಸುಮಾತಿನಲ್ಲಿ.

"ಸಾವಾದ ಮನೇಲಿ ಆ ವರ್ಷ ಕಹಕ್ ಒಲೆ ಹತ್ಸಲ್ಲ," ಅಂದಳು ನಗ್ಲಾ. "ನಿನ್ನ ಸ್ವಂತ ಅಕ್ಕ ಕಣೋ. ಮಣ್ಣು ಇನ್ನೂ ಒಣಗಿಲ್ಲ. ನಾನು ಆ ಹಿಟ್ಟು ಮುಟ್ಟಲ್ಲ."

"ಮಾಡಲ್ಲ ಅಂದ್ರೆ ಅಮ್ಮ ಕೇಳ್ತಾಳೆ. ಏನು ಹೇಳ್ಲಿ?"

"ಸತ್ಯ ಹೇಳು."

"ಸತ್ಯ ಹೇಳಿ ಅವಳನ್ನೂ ಕಳ್ಕೊಳ್ಲಾ? ನಾನು ಅಕ್ಕನ ಮಣ್ಣಿಗೂ ಹೋಗ್ಲಿಲ್ಲ ನಗ್ಲಾ. ಹೋದ್ರೆ ಇವಳಿಗೆ ಗೊತ್ತಾಗತ್ತೆ ಅಂತ ಹೋಗ್ಲಿಲ್ಲ. ಇಷ್ಟು ದೂರ ಬಂದ್ಮೇಲೆ ಒಂದು ಕಹಕ್‌ಗೆ ಹೇಳ್ಬಿಡ್ಲಾ?"

"ಸುಳ್ಳು ನಿಂದು. ಪಾಪದ ಕೆಲಸ ನಿಮ್ಮಮ್ಮನ ಕೈಯಲ್ಲಿ ಮಾಡಿಸ್ತಿದೀಯ."

ಅವನು ಹೋಗಿ ಹಿಟ್ಟು ತಂದ.

ನಗ್ಲಾ ಕೈ ನೋವೆಂದು ಹೇಳಿ ದೂರ ನಿಂತಳು. ಹಾಗಾಗಿ ನಾದುವ ಕೆಲಸ ಯುಮ್ನಾಳ ಪಾಲಿಗೆ ಬಂತು. ಅಜ್ಜಿ ಕುದಿಯುವ ತುಪ್ಪವನ್ನು ಹಿಟ್ಟಿನ ಮೇಲೆ ಸುರಿದರು. ಚೊಯ್ಯೆಂದು ಎದ್ದ ಘಮಕ್ಕೆ ಮನೆಯೆಲ್ಲ ಸಮನ್ನೂದ್ ಆಯಿತು. ಉಪವಾಸದ ಬಾಯಲ್ಲೂ ಅಜ್ಜಿ ಹಬ್ಬದ ಹಾಡು ಗುನುಗಿದರು.

"ಎರಡು ಅಂಗೈ ಮಧ್ಯೆ ಉಜ್ಜು. ಹಿಟ್ಟಿನ ಒಂದೊಂದು ಕಣಕ್ಕೂ ತುಪ್ಪ ಹತ್ಬೇಕು. ನಿಮ್ಮತ್ತೆ ನಿನ್ನಷ್ಟಿದ್ದಾಗ ಹತ್ತು ಕಿಲೋ ಉಜ್ಜೋಳು. ಇಡೀ ಬೀದಿ ಹೆಂಗಸರು ಒಂದೇ ಅಂಗಳದಲ್ಲಿ. ತಟ್ಟೆಗಳನ್ನ ತಲೆ ಮೇಲೆ ಹೊತ್ಕೊಂಡು ಬೇಕರಿಗೆ ಓಡೋಳು, ಒಂದೂ ಬೀಳ್ತಿರ್ಲಿಲ್ಲ."

ಯುಮ್ನಾ ಉಜ್ಜಿದಳು. ಉಂಡೆ ಕಟ್ಟಿದಳು. ಚಿಮಟದಲ್ಲಿ ಎಲೆ, ಹೂವು, ಸೂರ್ಯ ಹಿಸುಕುವುದನ್ನು ಕಲಿತಳು. ಅಜ್ಜಿ ಜೇನು ತುಪ್ಪದ ಹೂರಣ ಕಾಸಿ, ಅದನ್ನು ತುಂಬಿದ ಒಂದಷ್ಟು ಉಂಡೆಗಳನ್ನು ಬೇರೆ ತಟ್ಟೆಯಲ್ಲಿಟ್ಟರು.

"ಇವು ಯಾರಿಗೆ ಅಜ್ಜಿ?"

"ಇಕ್ರಾಂಗೆ. ಅವಳಿಗೆ ಖರ್ಜೂರದ್ದು ಸೇರಲ್ಲ, ಜೇನಿನದ್ದೇ ಆಗ್ಬೇಕು. ಡಬ್ಬೀಲಿ ಹಾಕಿಟ್ರೆ ಹೋಗೋವಾಗ ತಗೊಂಡ್ ಹೋಗ್ತೀನಿ. ಇವಕ್ಕೆ ಸೂರ್ಯನೇ ಹಾಕು, ನಿನ್ ಸೂರ್ಯ ಚೆನ್ನಾಗಿ ಬರತ್ತೆ."

ಯುಮ್ನಾ ಒಂದು ಸೂರ್ಯ ಹಾಕಿದಳು. ಎರಡನೆಯದರ ಅರ್ಧಕ್ಕೆ ಅವಳಿಗೆ ಕಣ್ಣು ಕಾಣದಾಯಿತು. ಎಳ್ಳಿನ ಧೂಳು ಕಣ್ಣಿಗೆ ಬಿತ್ತೆಂದು ಎದ್ದು ಹೋದಳು. ಉಳಿದ ಸೂರ್ಯಗಳನ್ನು ಅಜ್ಜಿಯೇ ಮುಗಿಸಿದರು.

ಬೆಂದ ಕಹಕ್‌ಗಳ ಮೇಲೆ ಸಕ್ಕರೆ ಪುಡಿ ಉದುರಿಸಿ, ಅಜ್ಜಿ ಕಟ್ಟಡದ ನಮ್ಮವರ ಮನೆಮನೆಗೂ ತಟ್ಟೆ ಕಳಿಸಿದರು. ತಟ್ಟೆ ಖಾಲಿ ಹಿಂತಿರುಗಬಾರದು, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಫಿಕ್ರಿಯ್ಯಳ ಮನೆಯಿಂದ ತಟ್ಟೆಯ ತುಂಬ ಕಿತ್ತಳೆ ಬಂತು. ಎರಡನೇ ಮಹಡಿಯಿಂದ ಅಕ್ಕಿ ಪಾಯಸ ಬಂತು, ಮೊದಲ ಮಹಡಿಯಿಂದ ಒಣದ್ರಾಕ್ಷಿ. ಅಜ್ಜಿ ಒಂದೊಂದೇ ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿದರು, ಮುಚ್ಚಿಟ್ಟರು. ಮಾರನೆಯ ದಿನ ಎರಡು ಸಲ ಸುಮ್ಮನೆ ಮೆಟ್ಟಿಲಿಳಿದು ಹತ್ತಿದರು. ಆಮೇಲೆ ಹಾಡು ಗುನುಗುವುದು ನಿಂತಿತು.

ಕೊನೆಯ ಉಪವಾಸದ ಸಂಜೆ ಎಲ್ಲರೂ ಇಫ್ತಾರ್‌ಗೆ ಕೂತಿದ್ದರು. ಬೇಳೆ ಸಾರು, ಅನ್ನ, ಬದನೆಕಾಯಿಗೆ ತುಂಬಿದ ಪಲ್ಯ. ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಅಜ್ಜಿ ಮಗನನ್ನೇ ನೋಡಿದರು.

"ಮಮ್ದೂಹ್, ಯಾರು ತೀರ್ಕೊಂಡಿದಾರೆ?"

"ಏನಮ್ಮ ಇದು, ಊಟದ ಹೊತ್ತಲ್ಲಿ?"

"ಮೆಟ್ಟಿಲ ತುಂಬ ಕಹಕ್ ವಾಸನೆ. ಪ್ರತಿ ಮನೇಲೂ ಮಾಡಿದಾರೆ. ನನ್ನ ತಟ್ಟೆಗೆ ಮಾತ್ರ ಕಿತ್ತಳೆ ಬಂತು, ಪಾಯಸ ಬಂತು. ಫಿಕ್ರಿಯ್ಯ ಒಬ್ಳು ಜಿಪುಣಿ ಅಂದ್ಕೊಳ್ಳೋಣ. ಇಡೀ ಕಟ್ಟಡ ಜಿಪುಣಾನಾ? ಹಬ್ಬಕ್ಕೆ ಕಹಕ್ ಕಳಿಸದೇ ಇರೋದು ಸಾವಿನ ಮನೆಗೆ ಮಾತ್ರ." ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ನೀನು ನನ್ ಮುಂದೆ ಇದೀಯ. ನಗ್ಲಾ ಇದಾಳೆ, ಮಗು ಇದೆ. ನಗ್ಲಾಳ ಅಮ್ಮ ನಿನ್ನೆ ಫೋನಲ್ಲಿ ಮಾತಾಡಿದ್ರು."

ಮಮ್ದೂಹ್ ಸಾರಿನ ಬಟ್ಟಲನ್ನು ಅಮ್ಮನ ಕಡೆ ಸರಿಸಿದ. ಅಜ್ಜಿ ಅದನ್ನು ಮುಟ್ಟಲಿಲ್ಲ.

"ಇಕ್ರಾಂ ಮೆಕ್ಕಾಗೆ ಹೋಗಿಲ್ಲ. ಅಲ್ವಾ?"

ಮೊದಲು ಅತ್ತವಳು ಯುಮ್ನಾ. ಅದೇ ಉತ್ತರವಾಯಿತು.

ಅಜ್ಜಿ ಕೂಗಲಿಲ್ಲ. ಎದೆ ಹಿಡಿದುಕೊಂಡು ಬೀಳಲಿಲ್ಲ. ಮಮ್ದೂಹ್ ಓಡಿ ತಂದ ಮಾತ್ರೆಯನ್ನು ತಳ್ಳಿದರು.

"ಯಾವಾಗ?"

"ರಂಜಾನ್ ಶುರೂಲಿ ಅಮ್ಮ. ನೋವಿರ್ಲಿಲ್ವಂತೆ. ಹಿಟ್ಟು ಕಲೆಸ್ತಾ ಇದ್ಲಂತೆ."

"ಯಾರು ಸ್ನಾನ ಮಾಡ್ಸಿದ್ರು?"

"ಚಿಕ್ಕಪ್ಪನ ಸೊಸೆಯರು."

"ನೀನು ಮಣ್ಣಿಗೆ ಹೋಗಿದ್ಯಾ?"

"ಇಲ್ಲಮ್ಮ."

"ಹೆತ್ತವಳೂ ಇಲ್ಲ, ತಮ್ಮನೂ ಇಲ್ಲ. ಸೊಸೆಯರು ಕಳಿಸಿಕೊಟ್ರು ನನ್ನ ಮಗಳನ್ನ." ಅಜ್ಜಿ ತಮ್ಮ ಎರಡು ಅಂಗೈ ಬಿಡಿಸಿ ನೋಡಿಕೊಂಡರು. "ಅವಳು ಕಾಯಿಸಿದ ತುಪ್ಪ. ಅದರಲ್ಲೇ ನಾನು ಕಹಕ್ ನಾದಿದೆ. ಹಾಡು ಬೇರೆ ಹೇಳ್ಕೊಂಡು. ಮಗಳು ಮಣ್ಣಲ್ಲಿ, ತಾಯಿ ಹಬ್ಬದ ಹಾಡು ಹೇಳ್ತಿದ್ಲು ಅಂತ ಊರವರು ಕೇಳಿದ್ರೆ ಏನಂತಾರೋ?"

"ನಿನ್ನ ಎದೆಗೆ ಆಗಲ್ಲ ಅಂತ ಡಾಕ್ಟ್ರು..."

"ಎದೆ ನಂದು ಕಣೋ. ಒಡೆದ್ರೂ ನಂದೇ. ನೀನ್ಯಾರು ಕಾವಲು ಕಾಯಕ್ಕೆ?"

ಅವನು ತಲೆ ತಗ್ಗಿಸಿ ಕೂತ. ಸಾರು ಆರಿತು. ಅಜ್ಜಿ ಹೇಳಿದರು: "ಟಿಕೆಟ್ ಇದೆ. ನಾನು ಹೋಗ್ತೀನಿ."

"ಯಾರ ಹತ್ರ ಹೋಗ್ತೀಯಮ್ಮ?"

ಕೇಳಬಾರದೆಂದು ಇಷ್ಟು ವಾರ ನುಂಗಿಕೊಂಡಿದ್ದ ಮಾತು. ಸಿಟ್ಟಿನಿಂದ ಕೇಳಿದ್ದಲ್ಲ, ಅಳುತ್ತಲೇ ಕೇಳಿದ. ಅಜ್ಜಿ ಬಾಯಿ ತೆರೆದರು. ಬೀಗ ಹಾಕಿದ ಬಾಗಿಲು, ಮಾರಿಹೋಗಲಿರುವ ಎಮ್ಮೆ, ಬಟ್ಟೆ ಪೇರಿಸುವವರೂ ಇಲ್ಲದ ಮಂಚ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದಿರಬೇಕು. ಹೇಳಲು ಒಂದು ಹೆಸರೂ ಸಿಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಕೋಣೆಗೆ ಹೋದರು. ಮಗಳು ಹೋದ ದುಃಖವೇ ಸಾಲದೆಂಬಂತೆ ಊರೂ ಅವತ್ತೇ ಹೋಯಿತು.

ಹಬ್ಬದ ಬೆಳಿಗ್ಗೆ ಮಮ್ದೂಹ್ ನಮಾಜ್ ಮುಗಿಸಿ ಬಂದಾಗ ಅಜ್ಜಿ ನಗ್ಲಾಳ ಕಪ್ಪು ನಿಲುವಂಗಿ ತೊಟ್ಟು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಕಹಕ್‌ನ ಡಬ್ಬಿಗಳೆಲ್ಲ ಇದ್ದವು. ಅವನು ಕೈಗೆ ಮುತ್ತಿಡಲು ಬಗ್ಗಿದ. ಅಜ್ಜಿ ಕೈ ಕೊಡಲಿಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

"ಹಗ್ಗ ಎಲ್ಲಿ?"

"ಏನಮ್ಮ?"

"ನನ್ನ ಬುಟ್ಟಿ ಹಗ್ಗ. ಊರಲ್ಲಾಗಿದ್ರೆ ಇಷ್ಟೊತ್ತಿಗೆ ಅವಳ ಗೋರಿ ಹತ್ರ ಕೂತು ಬಂದವರಿಗೆಲ್ಲ ತಿನ್ನಕ್ಕೆ ಕೊಡ್ತಿದ್ದೆ, ಅವಳ ಹೆಸರಲ್ಲಿ. ಇಲ್ಲಿ ಗೋರಿ ಎಲ್ಲಿಂದ ತರ್ಲಿ? ಕೆಳಗೆ ಮನುಷ್ಯರಿದಾರೆ, ಅಷ್ಟು ಸಾಕು."

ಅವನು ಕುರ್ಚಿ ಹತ್ತಿ ಬೀರುವಿನ ಮೇಲಿಂದ ಹಗ್ಗ ತೆಗೆದ. ತಾನೇ ಕಂಬಿಗೆ ಕಟ್ಟಿದ. ನಗ್ಲಾ ಬುಟ್ಟಿಗೆ ಬಿಳಿ ಬಟ್ಟೆ ಹಾಸಿ ಕಹಕ್ ತುಂಬಿದಳು. ಹಿಟ್ಟು ಮುಟ್ಟುವುದಿಲ್ಲ ಎಂದಿದ್ದವಳು ಈಗ ಎರಡೂ ಕೈಯಲ್ಲಿ ಎತ್ತಿ ಎತ್ತಿ ಇಟ್ಟಳು.

"ಕೂಗು," ಅಂದರು ಅಜ್ಜಿ.

"ಏನಂತ?"

"ಇಷ್ಟು ದಿನ ಏನು ಮುಚ್ಚಿಟ್ಟಿದ್ಯೋ ಅದನ್ನೇ."

ಕೆಳಗೆ ಕಾವಲುಗಾರ ಮೊತಾಹರ್ ಹೊಸ ಅಂಗಿ ತೊಟ್ಟು ನಿಂತಿದ್ದ. ಕುಂಞಾಲಿ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಹಬ್ಬದ ದಿನವೂ ರಜೆಯಿಲ್ಲದ ಬೀದಿ ಗುಡಿಸುವವರು ಪೊರಕೆಗೆ ಒರಗಿದ್ದರು. ಮಮ್ದೂಹ್ ಕಂಬಿಯ ಆಚೆ ಬಗ್ಗಿದ. ತರಗತಿಯಲ್ಲಿ ದಿನವಿಡೀ ಕೂಗುವ ದನಿಯಲ್ಲೇ ಕೂಗಿದ.

"ನನ್ನಕ್ಕ ಇಕ್ರಾಂ. ತೀರ್ಕೊಂಡಿದಾಳೆ. ಅವಳಿಗೋಸ್ಕರ ತಗೊಳ್ಳಿ. ಫಾತಿಹಾ ಓದಿ."

ಅವನು ಹಗ್ಗ ಇಳಿಸಿದ. ಬುಟ್ಟಿ ಎರಡನೇ ಮಹಡಿ ದಾಟಿತು, ಮೊದಲನೆಯದನ್ನೂ ದಾಟಿತು. ಕೆಳಗಿದ್ದವರು ಕಹಕ್ ತೆಗೆದುಕೊಂಡು, ಇನ್ನೊಂದು ಕೈಯನ್ನು ಎದೆಯ ಮುಂದೆ ತೆರೆದು ತುಟಿ ಆಡಿಸಿದರು. ಅವರಲ್ಲಿ ಯಾರೂ ಇಕ್ರಾಂಳನ್ನು ಕಂಡವರಲ್ಲ. ಬುಟ್ಟಿ ಮತ್ತೆ ಮತ್ತೆ ಇಳಿದು ಹತ್ತಿತು. ಆ ಹೊತ್ತಿಗೆ ಫಿಕ್ರಿಯ್ಯ ಕಪ್ಪು ವಸ್ತ್ರ ಹೊದ್ದು ಬಂದು ಅಜ್ಜಿಯ ಕಾಲ ಬಳಿ ಕೂತಳು. ಅವಳ ಹಿಂದೆ ಎರಡನೇ ಮಹಡಿಯವರು ಬಂದರು. ಹಬ್ಬದ ಮನೆ ಸಾವಿನ ಮನೆಯಾಯಿತು. ಸುದ್ದಿ ತಿಳಿದ ಮೇಲೆ ಅಜ್ಜಿ ಮೊದಲು ಅತ್ತದ್ದು ಆಗಲೇ.

ಕೊನೆಗೆ ಉಳಿದದ್ದು ಜೇನಿನ ಹೂರಣದ ಡಬ್ಬಿ. ಯುಮ್ನಾ ಅದನ್ನು ಎದೆಗವಚಿಕೊಂಡು ನಿಂತಿದ್ದಳು.

"ಇವೂ ಹೋಗ್ಬೇಕಾ ಅಜ್ಜಿ?"

"ಅವಳದ್ದೇ ಅಲ್ವೇನೆ ಅವು. ಕೊಡು."

ಯುಮ್ನಾ ಹಿಸುಕಿದ್ದ ಒಂದೂವರೆ ಸೂರ್ಯ ಮೇಲಿತ್ತು. ಬುಟ್ಟಿ ಇಳಿಯಿತು, ಖಾಲಿಯಾಗಿ ಮೇಲೆ ಬಂತು. ಮಮ್ದೂಹ್ ಮುಖ ಒರೆಸಿಕೊಂಡು, ಅಭ್ಯಾಸಬಲದಿಂದ ಬೀದಿಯ ಆ ತುದಿ ಈ ತುದಿ ನೋಡಿ, ಕಂಬಿಯ ಗಂಟಿಗೆ ಕೈ ಹಾಕಿದ.

"ಬಿಚ್ಚಬೇಡ," ಅಂದರು ಅಜ್ಜಿ. "ಅಲ್ಲೇ ಇರಲಿ. ನಾಳೆಯಿಂದ ಟೊಮೇಟೊ ನಾನೇ ತರಿಸ್ತೀನಿ."